ಒಲವು, ಚಾಳಿ, ಚಟ, ಗೀಳು: ಇಂಗ್ಲಿಷ್ ಪದಸಂಪತ್ತನ್ನು ಕಟ್ಟಿಕೊಳ್ಳುವ ಬಗೆ

(ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸವೆಂದರೆ ವಚನ, ಶಾಸನ, ಜಾನಪದ ಇವುಗಳಲ್ಲಿ ಒಂದಿರುತ್ತದೆಂದು ಸಭೆ ನಿರೀಕ್ಷಿಸುವುದು ಸಹಜ. ಇಂಗ್ಲಿಷ್ ಪದಗಳನ್ನು ಕಲಿಯುವ ಬಗೆ ಕುರಿತು ಮಾತನಾಡುತ್ತೇನೆಂದಾಗ ಸಂಘಟಕರು ಸಂತೋಷದಿಂದ ಒಪ್ಪಿದರು. ಅವರಿಗೆ ನಾನು ಕೃತಜ್ಞ. ಈ ವಿಷಯ ವಿದ್ಯಾಗಿರಿಯದೇ ವಿಷಯ. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1963ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ತೆರೆದ ಮೇಲೆ ಬಾದಾಮಿ, ಹುನಗುಂದ, ಇಳಕಲ್ಲ, ಗುಳೇದಗುಡ್ಡಗಳ ಎಷ್ಟೋ ಮಕ್ಕಳು ಇಲ್ಲಿಗೆ ಓದಲು ಬಂದಿದ್ದಾರೆ. ಅವರಲ್ಲಿ ಬಹಳ ಮಂದಿ ಹತ್ತನೆಯ ತರಗತಿಯವರೆಗೆ ಬಲ, ಚಲನೆ, ಘರ್ಷಣೆ ಎಂದು ಕನ್ನಡದಲ್ಲಿ ಓದಿದವರು. ಪಿಯುಸಿ ವಿಜ್ಞಾನಕ್ಕೆ ಕಾಲಿಟ್ಟ ದಿನವೇ ಅದೆಲ್ಲ ಫೋರ್ಸ್, ಮೋಷನ್, ಫ್ರಿಕ್ಷನ್ ಆಗಿಬಿಡುತ್ತದೆ. ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಆದರೂ ಪದಗಳ ಭಯ ಮಕ್ಕಳನ್ನು ಬಿಟ್ಟಿಲ್ಲ.

ಈ ಭಯಕ್ಕೆ ಪೇಟೆಯಲ್ಲಿ ಸಿಗುವ ಮದ್ದು ಪದಪಟ್ಟಿ. ಸ್ಪರ್ಧಾತ್ಮಕ ಪರೀಕ್ಷೆಯ ಯಾವ ಪುಸ್ತಕ ತೆರೆದರೂ ಸಮಾನಾರ್ಥಕ ಪದಗಳ ಸಾಲು ಕಾಣುತ್ತದೆ. ಟೆಂಡೆನ್ಸಿ ಎಂದರೆ ಇನ್‌ಕ್ಲಿನೇಷನ್, ಇನ್‌ಕ್ಲಿನೇಷನ್ ಎಂದರೆ ಪ್ರೊಪೆನ್ಸಿಟಿ, ಅದೆಂದರೆ ಪ್ರೊಕ್ಲಿವಿಟಿ, ಪೆನ್ಶಾಂ, ಪ್ರೆಡಿಲೆಕ್ಷನ್. ಎಲ್ಲದಕ್ಕೂ ಕನ್ನಡದಲ್ಲಿ ಒಂದೇ ಅರ್ಥ: ಪ್ರವೃತ್ತಿ. ವಿದ್ಯಾರ್ಥಿ ಈ ಸಾಲನ್ನು ಬಾಯಿಪಾಠ ಮಾಡುತ್ತಾನೆ. ಪರೀಕ್ಷೆಯಲ್ಲಿ ಗುರುತು ಹಾಕುತ್ತಾನೆ. ಸಂದರ್ಶನದಲ್ಲಿ ತನ್ನ ಬಗ್ಗೆ ಎರಡು ವಾಕ್ಯ ಹೇಳಬೇಕಾದಾಗ ಅದರಲ್ಲಿ ಒಂದು ಪದವೂ ಅವನ ನೆರವಿಗೆ ಬರುವುದಿಲ್ಲ.

ಇಂದು ನಾನು ಈ ಒಂದೇ ಪದಗುಂಪನ್ನು ಎತ್ತಿಕೊಂಡಿದ್ದೇನೆ. ಮನಸ್ಸು ಅಥವಾ ವಸ್ತು ಒಂದು ಕಡೆಗೆ ವಾಲುವುದನ್ನು ಹೇಳುವ ಪದಗಳಿವು. ಇವುಗಳ ಮೂಲಕ ನಾನು ಹೇಳಬೇಕೆಂದಿರುವುದು ಇಷ್ಟು: ಇಂಗ್ಲಿಷ್ ಪದಗಳ ಛಾಯೆಯನ್ನು ಗುರುತಿಸುವ ಶಕ್ತಿ ನಮ್ಮ ಹುಡುಗ ಹುಡುಗಿಯರಲ್ಲಿ ಮೊದಲೇ ಇದೆ, ಅದು ಅವರ ಮನೆಯ ಕನ್ನಡದಲ್ಲಿದೆ, ಪದಸಂಪತ್ತನ್ನು ಅಲ್ಲಿಂದ ಕಟ್ಟಬೇಕು.

ಮನೆಯ ಕನ್ನಡದಲ್ಲಿರುವ ಬಂಡವಾಳ

ಒಲವು, ರೂಢಿ, ಚಾಳಿ, ಚಟ, ಗೀಳು, ನಾದ. ಈ ಪದಗಳೆಲ್ಲ ಒಂದೇ ಎಂದು ಹೇಳಿದರೆ ಶಾಲೆಗೆ ಹೋಗದ ಅಜ್ಜಿಯೂ ಒಪ್ಪುವುದಿಲ್ಲ. ತಾಯಿ ಮೇಷ್ಟ್ರ ಮುಂದೆ ನಿಂತು, "ನಮ್ಮ ಹುಡುಗಗ ಓದೂ ನಾದ ಭಾಳ ಐತ್ರೀ ಸರ್" ಎನ್ನುವಾಗ ಆ ದನಿಯಲ್ಲಿ ಹೆಮ್ಮೆ ಇರುತ್ತದೆ. "ಸುಳ್ಳ ಹೇಳೂ ಚಾಳಿ ಬಿಡೋ ತಮ್ಮಾ" ಎಂದು ಅಜ್ಜಿ ಮೊಮ್ಮಗನಿಗೆ ಹೇಳುವಾಗ ಬೈಗುಳದ ಜೊತೆಗೆ ಬಿಡಿಸಬಹುದೆಂಬ ಭರವಸೆಯೂ ಇರುತ್ತದೆ. "ಅವಗ ಇಸ್ಪೀಟಿನ ಚಟ ಐತಿ" ಎಂಬ ಮಾತನ್ನು ಜನ ದನಿ ತಗ್ಗಿಸಿ ಆಡುತ್ತಾರೆ. ಓದುವ ಚಟ ಎಂದರೆ ಪ್ರೀತಿಯ ಉತ್ಪ್ರೇಕ್ಷೆ. ಕುಡಿಯುವ ಒಲವು ಎಂದು ಯಾರೂ ಅನ್ನುವುದಿಲ್ಲ. ಯಾವ ಪದ ಹೊಗಳುತ್ತದೆ, ಯಾವುದು ಎಚ್ಚರಿಸುತ್ತದೆ, ಯಾವುದು ಮನುಷ್ಯನನ್ನು ಕೈಬಿಟ್ಟಂತೆ ಮಾತಾಡುತ್ತದೆ ಎಂಬ ವಿವೇಕ ಆರು ವರ್ಷದ ಮಗುವಿಗೂ ಇದೆ.

ಮನುಷ್ಯನ ಸ್ವಭಾವವನ್ನು ನೇರ್ಪಾಗಿ ಹೇಳುವ ಈ ಕಲೆ ನಮ್ಮ ಸೀಮೆಯಲ್ಲಿ ಹಳೆಯದು. ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನ ಸುಮಾರು 1,300 ವರ್ಷ ಹಿಂದಿನದು. ತ್ರಿಪದಿಯ ಅತಿ ಹಳೆಯ ಮಾದರಿಯೆಂದು ಅದನ್ನು ಪಾಠದಲ್ಲಿ ಓದಿದ್ದೀರಿ. ಆ ಪದ್ಯ ಒಬ್ಬ ಮನುಷ್ಯನ ಗುಣಚಿತ್ರವೂ ಹೌದು. ಒಳ್ಳೆಯವರೊಂದಿಗೆ ಅವನು ಹೇಗೆ, ಕೆಣಕಿದವರೊಂದಿಗೆ ಹೇಗೆ ಎಂಬುದನ್ನು ಕೆಲವೇ ಸಾಲಿನಲ್ಲಿ ಅದು ನಿಲ್ಲಿಸುತ್ತದೆ. ಕನ್ನಡದ ಹಳೆಯ ನಿಘಂಟುಗಳಲ್ಲಿ ಒಂದಾದ ರನ್ನಕಂದವನ್ನು ವಿದ್ವಾಂಸರು ಈ ಜಿಲ್ಲೆಯ ಮುಧೋಳದ ರನ್ನನ ಹೆಸರಿಗೆ ಸೇರಿಸುತ್ತಾರೆ. ಪದಗಳನ್ನು ಕೂಡಿಡುವ ಕೆಲಸಕ್ಕೂ ಈ ನೆಲ ಹೊಸದಲ್ಲ.

ಕನ್ನಡದ ಪ್ರತ್ಯಯಗಳನ್ನೇ ನೋಡಿ. ಮರೆಗುಳಿ, ಜಗಳಗಂಟ, ಅಂಜುಬುರುಕ, ಹೊಟ್ಟೆಬಾಕ, ಚಾಡಿಕೋರ, ತಿಂಡಿಪೋತ. ಗುಳಿ, ಗಂಟ, ಬುರುಕ, ಬಾಕ, ಕೋರ, ಪೋತ ಈ ತುಣುಕುಗಳೆಲ್ಲ ಒಂದು ಕಡೆಗೆ ವಾಲಿದ ಸ್ವಭಾವವನ್ನು ಹೇಳುತ್ತವೆ. ಇಂಗ್ಲಿಷ್ ಕೂಡ ಇದನ್ನೇ ಮಾಡುತ್ತದೆ. ಮರೆಗುಳಿ ಫರ್ಗೆಟ್‌ಫುಲ್, ಜಗಳಗಂಟ ಕ್ವಾರಲ್‌ಸಮ್, ಮಾತಿನಮಲ್ಲ ಟಾಕೆಟಿವ್. ಪದದ ಬಾಲಕ್ಕೆ ಫುಲ್, ಸಮ್, ಇವ್ ಅಂಟಿಸಿ ಸ್ವಭಾವ ಹೇಳುವ ಪದ್ಧತಿ ಅಲ್ಲಿಯೂ ಇದೆ ಎಂದು ಒಮ್ಮೆ ತೋರಿಸಿಕೊಟ್ಟರೆ ಮಕ್ಕಳು ಇನ್ನಷ್ಟನ್ನು ತಾವೇ ಹುಡುಕಿ ತರುತ್ತಾರೆ.

ಆದರೆ ಎರಡು ಕಡೆ ಕನ್ನಡದ ಜಾಡು ಇಂಗ್ಲಿಷಿನಲ್ಲಿ ಎಡವಿಸುತ್ತದೆ. ಅಧ್ಯಾಪಕರು ಇವನ್ನು ಬಿಡಿಸಿ ಹೇಳಬೇಕು. ಮೊದಲನೆಯದು ಚತುರ್ಥಿ. ನಾವು "ಅವನಿಗೆ ಮರೆವು ಜಾಸ್ತಿ", "ಅವಳಿಗೆ ಹಾಡಿನ ಹುಚ್ಚು" ಎನ್ನುತ್ತೇವೆ. ಗುಣ ಬಂದು ಮನುಷ್ಯನಿಗೆ ಸೇರುತ್ತದೆ. ಇಂಗ್ಲಿಷಿನಲ್ಲಿ ಆ ಮನುಷ್ಯನೇ ಕರ್ತೃವಾಗುತ್ತಾನೆ: ಹೀ ಟೆಂಡ್ಸ್ ಟು ಫರ್ಗೆಟ್, ಷೀ ಹ್ಯಾಸ್ ಎ ಪ್ಯಾಷನ್ ಫಾರ್ ಮ್ಯೂಸಿಕ್. 'ಫಾರ್ ಹಿಮ್' ಎಂದು ಶುರುವಾಗುವ ತಪ್ಪು ವಾಕ್ಯಗಳ ಬೇರು ಈ 'ಗೆ' ಪ್ರತ್ಯಯದಲ್ಲಿದೆ.

ಎರಡನೆಯದು ಕ್ರಿಯಾಪದ. "ಬ್ಯಾಸಗ್ಯಾಗ ಎರಿಭೂಮಿ ಬಿರಿತೈತಿ" ಎಂದಾಗ ಪ್ರತಿ ಬೇಸಗೆಯಲ್ಲೂ ಹಾಗಾಗುತ್ತದೆ ಎಂಬ ಅರ್ಥ ಕ್ರಿಯಾಪದದ ಕೊನೆಯಲ್ಲೇ ಸೇರಿಕೊಂಡಿದೆ. ಅದಕ್ಕೆ ಬೇರೆ ಪದ ಬೇಕೆಂದು ನಮಗೆ ಅನ್ನಿಸುವುದೇ ಇಲ್ಲ. ಇಂಗ್ಲಿಷ್ ಬರಹಗಾರ ಅಲ್ಲಿ ಬಿಡಿಬಿಡಿಯಾಗಿ 'ಟೆಂಡ್ಸ್ ಟು' ಎಂದು ಬರೆಯುತ್ತಾನೆ. ವಿಜ್ಞಾನದ ಪ್ರಬಂಧ, ಪ್ರಯೋಗಾಲಯದ ವರದಿಗಳಲ್ಲಿ ಈ ಪದ ಹೆಜ್ಜೆಹೆಜ್ಜೆಗೂ ಬರುತ್ತದೆ.

ಮೂರು ಪ್ರಶ್ನೆ

ಈ ಗುಂಪಿನ ಯಾವ ಪದ ಎದುರಾದರೂ ಮೂರು ಪ್ರಶ್ನೆ ಕೇಳಬೇಕು. ಇದು ಯಾವುದರ ಬಗ್ಗೆ ಹೇಳುತ್ತದೆ: ವಸ್ತುವೋ, ದೇಹವೋ, ಮನಸ್ಸೋ? ಒಳ್ಳೆಯದಕ್ಕೆ ಹೇಳುತ್ತದೆಯೋ, ಕೆಡುಕಿಗೋ, ಎರಡಕ್ಕೂ ಸಲ್ಲುತ್ತದೆಯೋ? ಪಕ್ಕದಲ್ಲಿ ಯಾವ ಸಣ್ಣ ಪದವನ್ನು ಕರೆದುಕೊಂಡು ಬರುತ್ತದೆ?

'ಟೆಂಡ್' ಎಲ್ಲದಕ್ಕೂ ಸಲ್ಲುವ ಪದ. ಮಣ್ಣು, ಕಬ್ಬಿಣ, ಮನುಷ್ಯ, ಮಾರುಕಟ್ಟೆ ಎಲ್ಲಕ್ಕೂ ಹೊಂದುತ್ತದೆ. ಒಳ್ಳೆಯದು ಕೆಟ್ಟದ್ದೆಂಬ ತೀರ್ಪು ಅದರಲ್ಲಿಲ್ಲ. ಪಕ್ಕದಲ್ಲಿ 'ಟು' ಮತ್ತು ಮೂಲ ಕ್ರಿಯಾಪದ ಬರುತ್ತದೆ. 'ಲೈಕ್ಲಿ' ಮುಂದಿನ ಸಂಭವವನ್ನು ಹೇಳುತ್ತದೆ: ಇಂದು ಸಂಜೆ ಮಳೆ ಬರುವ ಹಾಗಿದೆ ಎನ್ನುವಾಗ ಅದು ಬೇಕು. ಈ ಎರಡು ಪದ ಕೈಗೆ ಬಂದರೆ ದಿನಬಳಕೆಯ ದೊಡ್ಡ ಪಾಲು ಕೆಲಸ ನಡೆದುಹೋಗುತ್ತದೆ.

'ಪ್ರೋನ್' ಕೆಡುಕಿನ ಕಡೆಗೇ ವಾಲಿದ ಪದ. ಇದನ್ನು ಬಾಗಲಕೋಟೆ ಜಿಲ್ಲೆಯವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. 1973-74ರಲ್ಲಿ ಕೇಂದ್ರ ಸರ್ಕಾರ ತಂದ ಡ್ರಾಟ್ ಪ್ರೋನ್ ಏರಿಯಾಸ್ ಪ್ರೋಗ್ರಾಮಿನಲ್ಲಿ ಅಂದಿನ ಅವಿಭಜಿತ ವಿಜಾಪುರ ಜಿಲ್ಲೆಯೂ ಇತ್ತು. ಬರಕ್ಕೆ ಈಡಾಗುವ ಅದೇ ಸೀಮೆ 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆಯ ಪ್ರವಾಹಕ್ಕೆ ಸಿಕ್ಕಿತು. 2019ರಲ್ಲಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೂ ನೀರು ಬಂತು. ಡ್ರಾಟ್ ಪ್ರೋನ್, ಫ್ಲಡ್ ಪ್ರೋನ್ ಎರಡೂ ಒಂದೇ ತಾಲ್ಲೂಕಿನ ಹೆಸರಿನ ಮುಂದೆ ನಿಲ್ಲುತ್ತವೆ. ಆದರೆ 'ಪ್ರೋನ್ ಟು ಸಕ್ಸೆಸ್' ಎಂದು ಯಾರೂ ಬರೆಯುವುದಿಲ್ಲ. ಗೆಲುವು ಯಾರನ್ನೂ ಬಾಧಿಸುವುದಿಲ್ಲವಲ್ಲ.

'ಸಸೆಪ್ಟಿಬಲ್' ರೋಗದ ಜೊತೆ ಬರುವ ಪದ. ನಮ್ಮ ರೈತರು ದಾಳಿಂಬೆಗೆ ಬರುವ ದುಂಡಾಣು ಅಂಗಮಾರಿ ರೋಗದಿಂದ ನೊಂದವರು. ರೋಗಕ್ಕೆ ಬೇಗ ತುತ್ತಾಗುವ ತಳಿಗೆ ತೋಟಗಾರಿಕೆಯ ವಿಜ್ಞಾನಿಗಳು ಬಳಸುವ ಪದ ಇದು. 'ಲಯಬಲ್' ಕಚೇರಿ, ಕೋರ್ಟಿನ ಪದ: ದಂಡಕ್ಕೆ, ಶಿಕ್ಷೆಗೆ, ಪಾವತಿಗೆ ಗುರಿಯಾಗುವುದು. ಬ್ಯಾಂಕಿನ ಸಾಲಪತ್ರಕ್ಕೆ ಸಹಿ ಹಾಕುವ ಮುನ್ನ ಈ ಪದ ಎಲ್ಲಿದೆ ಎಂದು ಹುಡುಕಿ ಓದಿ.

ಮನಸ್ಸಿನ ಪದಗಳು ಬೇರೆ. 'ಇನ್‌ಕ್ಲೈನ್ಡ್' ಎಂದರೆ ಮನಸ್ಸು ಆ ಕಡೆಗೆ ಬಾಗಿದೆ, ಇನ್ನೂ ನಿರ್ಧಾರವಾಗಿಲ್ಲ. ಹಿರಿಯರ ಮಾತನ್ನು ಮೆತ್ತಗೆ ಒಪ್ಪುವಾಗ ಅಥವಾ ಮೆತ್ತಗೆ ಒಪ್ಪದಿರುವಾಗ ಇದು ಬಹಳ ಉಪಯುಕ್ತ. 'ಪ್ರೆಡಿಲೆಕ್ಷನ್', 'ಪೆನ್ಶಾಂ' ಎರಡೂ ಅಕ್ಕರೆಯ ಒಲವು. ಎರಡಕ್ಕೂ 'ಫಾರ್' ಜೊತೆ. 'ಬೆಂಟ್' ಎಂದರೆ ಹುಟ್ಟಿನಿಂದ ಬಂದ ಒಲವು: ವಿಜ್ಞಾನದ ಬೆಂಟ್, ಸಂಗೀತದ ಬೆಂಟ್. 'ಪ್ರೊಕ್ಲಿವಿಟಿ' ನಮ್ಮ ಚಾಳಿಯ ಹತ್ತಿರದ ನೆಂಟ. 'ಪ್ರೊಪೆನ್ಸಿಟಿ' ಮಾತಿನಲ್ಲಿ ಬಂದರೆ ಬಹುಮಟ್ಟಿಗೆ ಕೆಡುಕನ್ನೇ ಹೇಳುತ್ತದೆ. ವಾಣಿಜ್ಯದ ವಿದ್ಯಾರ್ಥಿಗಳು ಮಾತ್ರ ಅದನ್ನು ತೀರ್ಪಿಲ್ಲದೆ ಕಲಿತಿದ್ದಾರೆ. ಅರ್ಥಶಾಸ್ತ್ರಜ್ಞ ಕೇನ್ಸ್ 1936ರ ತನ್ನ ಗ್ರಂಥದಲ್ಲಿ ಆದಾಯದಲ್ಲಿ ಎಷ್ಟು ಪಾಲು ಖರ್ಚಾಗುತ್ತದೆ ಎಂಬುದನ್ನು 'ಪ್ರೊಪೆನ್ಸಿಟಿ ಟು ಕನ್ಸ್ಯೂಮ್' ಎಂದು ಕರೆದ. 'ಬಯಸ್' ನಮ್ಮ ಪಕ್ಷಪಾತ. ಅದಕ್ಕೆ 'ಎಗೇನ್ಸ್ಟ್' ಸೇರಿದರೆ ದ್ವೇಷದ ವಾಲು, 'ಟುವರ್ಡ್ಸ್' ಸೇರಿದರೆ ಪ್ರೀತಿಯ ವಾಲು.

ಈ ಟು, ಫಾರ್, ಎಗೇನ್ಸ್ಟ್‌ಗಳನ್ನು ಮಕ್ಕಳು ಸಣ್ಣವೆಂದು ಬಿಟ್ಟುಬಿಡುತ್ತಾರೆ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೂಡಿಸುವುದು ಕೊಂಡಿ. ಕೊಂಡಿ ಹಾಕದಿದ್ದರೆ ರೇಷ್ಮೆಯ ಸೆರಗು ಎಷ್ಟು ಚೆಲುವಾಗಿದ್ದರೂ ಸೀರೆಯಾಗುವುದಿಲ್ಲ. ಪದಕ್ಕೆ ಅದರ ಕೊಂಡಿಯನ್ನು ಸೇರಿಸಿಯೇ ಕಲಿಯಬೇಕು.

ಬೇರು ಹಿಡಿದು ಕಲಿಯುವುದೂ ಒಂದು ದಾರಿ. ಟೆಂಡೆನ್ಸಿಯ ಲ್ಯಾಟಿನ್ ಮೂಲಕ್ಕೆ ಎಳೆಯುವುದು, ಚಾಚುವುದು ಎಂಬ ಅರ್ಥ. ಪ್ರಯೋಗಾಲಯದಲ್ಲಿ ನೀವು ಅಳೆಯುವ ಟೆನ್ಷನ್, ಟೆನ್ಸೈಲ್ ಅದೇ ಬೇರಿನವು. ಇನ್‌ಕ್ಲಿನೇಷನ್ ಬಾಗುವುದರಿಂದ ಬಂದದ್ದು. ಭೌತಶಾಸ್ತ್ರದ ಇನ್‌ಕ್ಲೈನ್ಡ್ ಪ್ಲೇನ್, ಡಿಕ್ಲೈನ್ ಅದರ ಒಡಹುಟ್ಟು. ಪ್ರೊಪೆನ್ಸಿಟಿ ತೂಗುವುದರಿಂದ, ಪೆಂಡ್ಯುಲಮ್, ಡಿಪೆಂಡ್, ಸಸ್ಪೆಂಡ್ ಅದರ ಬಳಗ. ಹತ್ತನೆಯ ತರಗತಿಯ ಗಣಿತದಲ್ಲಿ ಓದಿದ ಕೇಂದ್ರೀಯ ಪ್ರವೃತ್ತಿಯ ಅಳತೆಗಳೇ ಇಂಗ್ಲಿಷಿನ ಸೆಂಟ್ರಲ್ ಟೆಂಡೆನ್ಸಿ. ಹೊಸದೆಂದು ಹೆದರಿದ ಪದಗಳಲ್ಲಿ ಅರ್ಧದಷ್ಟು ಹಳೆಯ ಪರಿಚಯದವು.

ಒಂದು ಪದ ಹೊರಿಸಿದ ಕಳಂಕ

ಇಷ್ಟು ಸೂಕ್ಷ್ಮ ಯಾಕೆ ಬೇಕು ಎಂದು ಕೇಳಬಹುದು. ಒಬ್ಬರ ಪ್ರವೃತ್ತಿ ಹೀಗೆ ಎಂದು ಹೇಳುವುದು ಅವರ ಮೇಲೆ ತೀರ್ಪು ಕೊಟ್ಟಂತೆ. ಆ ತೀರ್ಪು ತಪ್ಪಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸೀಮೆಯಲ್ಲೇ ಸಾಕ್ಷಿ ಇದೆ.

1871ರಲ್ಲಿ ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ಮಾಡಿತು. ಯಾವುದೇ ಬುಡಕಟ್ಟು, ತಂಡ ಅಥವಾ ವರ್ಗ ಜಾಮೀನು ಸಿಗದ ಅಪರಾಧಗಳನ್ನು ವ್ಯವಸ್ಥಿತವಾಗಿ ಎಸಗುವುದಕ್ಕೆ 'ಅಡಿಕ್ಟೆಡ್' ಆಗಿದೆ ಎಂದು ನಂಬಲು ಕಾರಣ ಸಿಕ್ಕರೆ ಆ ಇಡೀ ಸಮುದಾಯವನ್ನು ಅಪರಾಧಿಗಳೆಂದು ಘೋಷಿಸಲು ಕಾಯ್ದೆ ದಾರಿ ಮಾಡಿತು. ಚಟ ಎಂದು ನಾವು ಒಬ್ಬನ ಬಗ್ಗೆ ದನಿ ತಗ್ಗಿಸಿ ಹೇಳುವ ಮಾತನ್ನು ಸಾವಿರಾರು ಜನರ ಹಣೆಗೆ, ಹುಟ್ಟುವ ಕೂಸಿನ ಹಣೆಗೂ ಬರೆದಂತಾಯಿತು. 1911ರ ಕಾಯ್ದೆ ಇದನ್ನು ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹರಡಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಭಾಗದಲ್ಲಿ ವಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ಸೆಟ್ಲಮೆಂಟುಗಳು ಎದ್ದವು. ಹರಣಶಿಕಾರಿ, ಛಪ್ಪರಬಂದ ಮೊದಲಾದ ಸಮುದಾಯಗಳವರನ್ನು ಅಲ್ಲಿ ಇರಿಸಿ, ಹಾಜರಿ ಹಾಕಿಸಿ, ಪರವಾನಗಿ ಇಲ್ಲದೆ ಹೊರಗೆ ಹೋಗದಂತೆ ಕಾಯಲಾಯಿತು. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಸ್ವಾತಂತ್ರ್ಯ ಬಂದ ಮೇಲೆ 1952ರ ಆಗಸ್ಟ್ 31ರಂದು ಆ ಸಮುದಾಯಗಳು ಕಾಯ್ದೆಯಿಂದ ಬಿಡುಗಡೆಯಾದವು. ಅವರನ್ನು ವಿಮುಕ್ತರು ಎನ್ನುವುದು ಅದಕ್ಕೇ.

ಪದದ ಬಾಧೆ ಅಲ್ಲಿಗೂ ಮುಗಿಯಲಿಲ್ಲ. ಪಶ್ಚಿಮ ಬಂಗಾಳದ ಜೈಲು ನಿಯಮವೊಂದು, ತಪ್ಪಿಸಿಕೊಂಡು ಓಡುವ ಬಲವಾದ ಸಹಜ 'ಟೆಂಡೆನ್ಸಿ' ಇರುವ ವರ್ಗಗಳೆಂದು ಅಲೆಮಾರಿ ಬುಡಕಟ್ಟುಗಳನ್ನು ಹೆಸರಿಸಿತ್ತು. ಕಾರಾಗೃಹಗಳಲ್ಲಿನ ಜಾತಿಭೇದವನ್ನು ಪ್ರಶ್ನಿಸಿ ಪತ್ರಕರ್ತೆಯೊಬ್ಬರು ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ಇಂಥ ನಿಯಮಗಳನ್ನು ಸಂವಿಧಾನಕ್ಕೆ ವಿರುದ್ಧವೆಂದು ರದ್ದುಪಡಿಸಿತು. ಎರೆಮಣ್ಣು ಬಿರಿಯುತ್ತದೆ ಎನ್ನಲು ತಕ್ಕ ಪದವನ್ನು ಒಂದು ಜನಾಂಗದ ಮೇಲೆ ಹಾಕಿದಾಗ ಅದು ಶಾಪವಾಗುತ್ತದೆ. ಪದ ಕಲಿಸುವ ಅಧ್ಯಾಪಕರು ಈ ಕಥೆಯನ್ನು ತರಗತಿಯಲ್ಲಿ ಹೇಳಲೇಬೇಕು.

ಸರಿಯಾಗಿ ಬಳಸಿದರೆ ಇದೇ ಪದಗಳು ನಮ್ಮ ಮಾತನ್ನು ಪ್ರಾಮಾಣಿಕಗೊಳಿಸುತ್ತವೆ. "ಈ ಗೊಬ್ಬರ ಹಾಕಿದರೆ ಇಳುವರಿ ಹೆಚ್ಚುತ್ತದೆ" ಎಂಬುದಕ್ಕೂ "ಹೆಚ್ಚುವ ಸಂಭವವಿದೆ" ಎಂಬುದಕ್ಕೂ ಅಂತರವಿದೆ. ಮೊದಲನೆಯದು ಜಾಹೀರಾತು, ಎರಡನೆಯದು ವಿಜ್ಞಾನ. ಗೊತ್ತಿರುವಷ್ಟನ್ನು ಗೊತ್ತಿರುವ ಬಲದಲ್ಲೇ ಹೇಳುವ ಶಿಸ್ತು ಟೆಂಡ್, ಲೈಕ್ಲಿ ಎಂಬ ಸಣ್ಣ ಪದಗಳಲ್ಲಿ ಅಡಗಿದೆ.

ಕಲಿಸುವ ದಾರಿ

ಪದವನ್ನು ಬಳಕೆಯಲ್ಲಿ ಹಿಡಿಯುವುದಕ್ಕೆ ನಮ್ಮ ಮುಂದಿರುವ ದೊಡ್ಡ ಮಾದರಿ ಫರ್ಡಿನೆಂಡ್ ಕಿಟೆಲ್. ಜರ್ಮನಿಯಲ್ಲಿ ಹುಟ್ಟಿ, ಧಾರವಾಡ, ಹುಬ್ಬಳ್ಳಿ, ಮಂಗಳೂರುಗಳಲ್ಲಿದ್ದು ಕನ್ನಡ ಕಲಿತು, 1894ರಲ್ಲಿ ಅವರು ಪ್ರಕಟಿಸಿದ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಪದದ ಪಕ್ಕದಲ್ಲಿ ಅರ್ಥ ಬರೆದು ಅವರು ಸುಮ್ಮನಾಗಲಿಲ್ಲ. ಜನರ ಗಾದೆಗಳನ್ನು, ಕಾವ್ಯದ ಪ್ರಯೋಗಗಳನ್ನು ಹುಡುಕಿ ಅಲ್ಲೇ ಸೇರಿಸಿದರು. ಬೇರೆ ನಾಡಿನವರೊಬ್ಬರು ನಮ್ಮ ಭಾಷೆಯನ್ನು ಕಲಿತ ಕ್ರಮದಲ್ಲೇ ನಾವು ಅವರ ಕಡೆಯ ಭಾಷೆಯನ್ನು ಕಲಿಯಬಹುದು.

ಎಷ್ಟು ಪದ ಬೇಕೆಂಬ ಆತಂಕಕ್ಕೆ ಮೈಕೆಲ್ ವೆಸ್ಟ್ ಉತ್ತರ ಕೊಟ್ಟಿದ್ದಾರೆ. ಢಾಕಾದಲ್ಲಿ ಬಂಗಾಳಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕಷ್ಟವನ್ನು ಕಣ್ಣಾರೆ ಕಂಡ ಅವರು 1953ರಲ್ಲಿ ಹೆಚ್ಚು ಬಳಕೆಯ ಸುಮಾರು 2,000 ಪದಗಳ ಪಟ್ಟಿಯನ್ನು ಹೊರತಂದರು. ಸಾಮಾನ್ಯ ಬರಹದ ಬಹುಪಾಲು ಅಷ್ಟರಲ್ಲೇ ಮುಗಿಯುತ್ತದೆ. ಆದ್ದರಿಂದ ಟೆಂಡ್, ಲೈಕ್ಲಿ, ಪ್ರೋನ್, ಇನ್‌ಕ್ಲೈನ್ಡ್ ಮೊದಲು ಗಟ್ಟಿಯಾಗಲಿ. ಪ್ರೊಕ್ಲಿವಿಟಿ, ಪ್ರೆಡಿಲೆಕ್ಷನ್ ಆಮೇಲೆ ಬರಲಿ. ಬೆಂಗಳೂರಿನಿಂದ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ ಪ್ರಯೋಗ ಜಗತ್ತಿನ ಭಾಷಾಶಿಕ್ಷಕರ ಗಮನ ಸೆಳೆಯಿತು. ನಕಾಶೆ, ವೇಳಾಪಟ್ಟಿಗಳನ್ನು ಮುಂದಿಟ್ಟು ಸಮಸ್ಯೆ ಬಿಡಿಸುವ ಕೆಲಸ ಕೊಟ್ಟು, ಆ ಕೆಲಸದ ಮೂಲಕ ಇಂಗ್ಲಿಷನ್ನು ಮಕ್ಕಳ ಬಾಯಿಗೆ ತರುವುದು ಅದರ ರೀತಿ. ಬಾದಾಮಿಯ ಒಬ್ಬ ಶಿಕ್ಷಕಿ ಹತ್ತು ವರ್ಷದ ಮಳೆಯ ಅಂಕಿಗಳನ್ನು ಹಲಗೆಯ ಮೇಲೆ ಬರೆದು, ಯಾವ ತಿಂಗಳು ಏನಾಗುತ್ತದೆ ಎಂದು ಈ ನಾಲ್ಕು ಪದಗಳಲ್ಲಿ ಹೇಳಿಸಿದರೆ ಒಂದು ಪಿರಿಯಡ್‌ನಲ್ಲಿ ಭೂಗೋಳವೂ ಇಂಗ್ಲಿಷೂ ಆಗುತ್ತದೆ.

ವಿದ್ಯಾರ್ಥಿಗಳಿಗೆ ನಾನು ಹೇಳುವುದು ಒಂದು ನೋಟ್‌ಬುಕ್ಕಿನ ಪದ್ಧತಿ. ಒಂದು ಪುಟಕ್ಕೆ ಒಂದೇ ಪದ. ಮೇಲ್ಗಡೆ ಆ ಪದ ಸಿಕ್ಕ ವಾಕ್ಯವನ್ನು ಪತ್ರಿಕೆಯಿಂದಲೋ ಪಠ್ಯದಿಂದಲೋ ಪೂರ್ತಿ ಬರೆಯಿರಿ. ಅದರ ಕೆಳಗೆ ಪದದ ಕೊಂಡಿ. ಆಮೇಲೆ ಅದೇ ಮಾತನ್ನು ನಿಮ್ಮ ಅವ್ವ, ಅಜ್ಜ ಹೇಗೆ ಆಡುತ್ತಾರೆ ಎಂಬುದನ್ನು ಅವರದೇ ಕನ್ನಡದಲ್ಲಿ ಬರೆಯಿರಿ. ಕೊನೆಗೆ ಆ ಪದವನ್ನು ಎಲ್ಲಿ ಬಳಸಬಾರದು ಎಂಬುದು. ವಾರಕ್ಕೆ ಎರಡು ಪುಟ ಆದರೆ ಸಾಕು. ಅರ್ಥ ಮರೆತರೂ ಆ ವಾಕ್ಯ ನೆನಪಿರುತ್ತದೆ. ವಾಕ್ಯ ಅರ್ಥವನ್ನು ಮರಳಿ ತರುತ್ತದೆ.

ಕನ್ನಡವನ್ನು ಬದಿಗಿಟ್ಟರೆ ಇಂಗ್ಲಿಷ್ ಬೇಗ ಬರುತ್ತದೆ ಎಂಬ ಭ್ರಮೆಯನ್ನು ಬಿಡಬೇಕು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ.ಶ್ರೀ ಕನ್ನಡ ಕಾವ್ಯಕ್ಕೆ ಹೊಸ ದಾರಿ ತೋರಿದರು. ಸವಣೂರಿನಲ್ಲಿ ಹುಟ್ಟಿದ ಕನ್ನಡ ಕವಿ ವಿ.ಕೃ. ಗೋಕಾಕರು ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನ ನಿರ್ದೇಶಕರಾಗಿದ್ದರು. ಒಂದು ಭಾಷೆಯಲ್ಲಿ ಆಳಕ್ಕಿಳಿದವರು ಇನ್ನೊಂದರಲ್ಲೂ ಇಳಿದರು.

ಅಧ್ಯಾಪಕರಲ್ಲಿ ನನ್ನ ವಿನಂತಿ ಒಂದೇ. ನಾಳೆಯ ತರಗತಿಯಲ್ಲಿ ಸಮಾನಾರ್ಥಕ ಪದಗಳ ಪಟ್ಟಿ ಬರೆಸುವ ಮೊದಲು ಮಕ್ಕಳಿಂದ ಚಾಳಿ, ಚಟ, ಗೀಳು, ಒಲವುಗಳ ಮೇಲೆ ಒಂದೊಂದು ವಾಕ್ಯ ಹೇಳಿಸಿ, ವ್ಯತ್ಯಾಸವನ್ನು ಅವರ ಬಾಯಿಂದಲೇ ಕೇಳಿ. ಆಮೇಲೆ ಇಂಗ್ಲಿಷಿಗೆ ಬನ್ನಿ. ವಿದ್ಯಾರ್ಥಿಗಳೆ, ಯಾರ ಬಗ್ಗೆಯಾದರೂ ಅವರ ಪ್ರವೃತ್ತಿಯೇ ಹೀಗೆ ಎಂದು ಇಂಗ್ಲಿಷಿನಲ್ಲಾಗಲಿ ಕನ್ನಡದಲ್ಲಾಗಲಿ ಬರೆಯುವ ಮುನ್ನ, ಆ ಪದವನ್ನು ನಿಮ್ಮ ಮೇಲೆ ಬರೆದರೆ ಒಪ್ಪುವಿರಾ ಎಂದು ಒಮ್ಮೆ ಕೇಳಿಕೊಳ್ಳಿ.